ರಾಜಕೀಯ ಮುಖಂಡರ ಸಹಿ ಇರುವ ಅಂಚೆ ಲಕೋಟೆಗಳು

ಪ್ರಸಿದ್ಧ ರಾಜಕಾರಣಿಗಳ ಸಹಿ ಇರುವ ಅಂಚೆ ಲಕೋಟೆಗಳನ್ನು ಕೂಡಿಡುವುದರಲ್ಲಿ ಎರಡು ಹಳೆಯ ಹವ್ಯಾಸಗಳು ಸೇರಿವೆ. ಒಂದು ಅಂಚೆಚೀಟಿ ಸಂಗ್ರಹ, ಇನ್ನೊಂದು ಹಸ್ತಾಕ್ಷರ ಸಂಗ್ರಹ. ಬಿಡಿ ಹಾಳೆಯ ಮೇಲಿನ ಸಹಿ ತಾನು ಯಾರದೆಂದು ಹೇಳೀತು. ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಹಾಕಿದ್ದೆಂದು ಹೇಳಲಾರದು. ಲಕೋಟೆಯ ಮೇಲಿನ ಸಹಿಗೆ ಆ ಕೊರತೆ ಅಷ್ಟಿಲ್ಲ. ಅದರ ಪಕ್ಕದಲ್ಲಿ ಅಂಚೆಚೀಟಿ ಇರುತ್ತದೆ. ಆ ಚೀಟಿ ಬಿಡುಗಡೆಯಾದ ದಿನ ಇಲಾಖೆಯ ದಾಖಲೆಯಲ್ಲಿದೆ. ಚೀಟಿಯ ಮೇಲೆ ಅಂಚೆ ಠಸ್ಸೆ ಇರುತ್ತದೆ. ಅದರಲ್ಲಿ ಊರಿನ ಹೆಸರೂ ತಾರೀಖೂ ಇರುತ್ತವೆ. ಸಹಿ, ಚೀಟಿ, ಠಸ್ಸೆ ಈ ಮೂರೂ ಒಂದಕ್ಕೊಂದು ಹೊಂದಿಕೊಂಡರೆ ಲಕೋಟೆ ಚರಿತ್ರೆಯ ದಾಖಲೆಯಾಗುತ್ತದೆ. ಹೊಂದದಿದ್ದರೆ ಅವೇ ಮೋಸವನ್ನು ಬಯಲಿಗೆಳೆಯುತ್ತವೆ. ಈ ಹವ್ಯಾಸದ ನಿಜವಾದ ಕೆಲಸವೆಂದರೆ ಈ ಮೂರು ಸಾಕ್ಷಿಗಳನ್ನು ಓದುವುದು ಮತ್ತು ಕೆಡದಂತೆ ಕಾಪಾಡುವುದು.

ಸಹಿ ಲಕೋಟೆಯ ಮೇಲೆ ಬಂದ ಬಗೆಯನ್ನು ನೋಡಿ ಇವನ್ನು ಮೂರು ಗುಂಪು ಮಾಡಬಹುದು. ಮೊದಲ ಗುಂಪಿನವು, ಅಂಚೆಯಲ್ಲಿ ಹೋಗಲು ಸಹಿಯೇ ಬೇಕಾಗಿದ್ದ ಲಕೋಟೆಗಳು. ಇಲ್ಲಿ ಸಹಿ ಮೊದಲು, ಠಸ್ಸೆ ಆಮೇಲೆ. ಎರಡನೆಯವು, ಚೀಟಿ ಬಿಡುಗಡೆಯಂಥ ಸಮಾರಂಭದಲ್ಲಿ ಸಹಿ ಪಡೆದವು. ಇವುಗಳಲ್ಲಿ ಸಹಿಯೂ ಠಸ್ಸೆಯೂ ಒಂದೇ ದಿನದವು. ಮೂರನೆಯವು, ಠಸ್ಸೆ ಬಿದ್ದು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮುಖಂಡರ ಮುಂದಿಟ್ಟು ಸಹಿ ಹಾಕಿಸಿಕೊಂಡವು. ಸಂಗ್ರಾಹಕರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಈ ಮೂರನೆಯ ಬಗೆ. ಗೊಂದಲ ಹೆಚ್ಚುವುದೂ ಇಲ್ಲಿಯೇ. 1960ರ ಠಸ್ಸೆ ಇರುವ ಲಕೋಟೆಯ ಮೇಲಿನ ಸಹಿ 1960ರದ್ದೇ ಆಗಿರಬೇಕಾಗಿಲ್ಲ. ಠಸ್ಸೆ ಹೇಳುವುದು ಲಕೋಟೆಯ ವಯಸ್ಸನ್ನು ಮಾತ್ರ; ಸಹಿಯ ವಯಸ್ಸನ್ನು ಬೇರೆ ಆಧಾರಗಳಿಂದ ಕಂಡುಕೊಳ್ಳಬೇಕು.

ಮೊದಲ ಗುಂಪಿನ ಲಕೋಟೆಗಳು ಅಂಚೆಚೀಟಿಗಿಂತಲೂ ಹಳೆಯವು. ಬ್ರಿಟನ್ನಿನಲ್ಲಿ 17ನೆಯ ಶತಮಾನದಿಂದಲೇ ಪಾರ್ಲಿಮೆಂಟಿನ ಸದಸ್ಯರಿಗೆ ಪುಕ್ಕಟೆ ಅಂಚೆಯ ಹಕ್ಕಿತ್ತು. ಸದಸ್ಯರು ಕಾಗದದ ಹೊರಮೈಯಲ್ಲಿ ಸಹಿ ಹಾಕಿದರೆ ಅದಕ್ಕೆ ಅಂಚೆ ಸುಂಕ ಬೀಳುತ್ತಿರಲಿಲ್ಲ. ಈ ಸವಲತ್ತಿನ ದುರುಪಯೋಗ ಬೇಗನೆ ಶುರುವಾಯಿತು. ಖಾಲಿ ಹಾಳೆಗಳ ಮೇಲೆ ಸಹಿ ಹಾಕಿ ನಂಟರಿಗೂ ಗೆಳೆಯರಿಗೂ ಹಂಚುವ ಸದಸ್ಯರಿದ್ದರು. ಇದನ್ನು ತಡೆಯಲು ಕಾನೂನು ಹಂತ ಹಂತವಾಗಿ ಬಿಗಿಯಾಯಿತು. 1764ರ ನಂತರ ಪೂರ್ತಿ ವಿಳಾಸವನ್ನು ಸದಸ್ಯರೇ ಕೈಯಾರೆ ಬರೆಯಬೇಕಾಯಿತು. 1784ರಿಂದ ಅಂಚೆಗೆ ಹಾಕಿದ ಊರನ್ನೂ ದಿನ, ತಿಂಗಳು, ವರ್ಷಗಳನ್ನೂ ಅವರೇ ಬರೆಯಬೇಕಾಯಿತು. 1795ರಲ್ಲಿ ದಿನಕ್ಕೆ 10 ಕಾಗದ ಕಳಿಸಲು, 15 ಪಡೆಯಲು ಮಾತ್ರ ಅವಕಾಶವೆಂದು ಮಿತಿ ಬಂತು. ಮೋಸ ತಡೆಯಲು ಹುಟ್ಟಿದ ಈ ನಿಯಮಗಳು ಮುಂದಿನವರಿಗೆ ಒಳ್ಳೆಯದನ್ನೇ ಮಾಡಿದವು. 1784ರ ನಂತರದ ಇಂಥ ಒಂದೊಂದು ಕಾಗದದ ಮೇಲೂ ಮುಖಂಡರ ಸಹಿ, ಅವರ ಕೈಬರಹದ ವಿಳಾಸ, ಅವರೇ ಬರೆದ ಊರು, ತಾರೀಖು ಎಲ್ಲವೂ ಸಿಗುತ್ತವೆ.

ರೋಲೆಂಡ್ ಹಿಲ್ ಅವರ ಅಂಚೆ ಸುಧಾರಣೆಯಿಂದ ದೇಶದೊಳಗೆ ಒಂದು ಪೆನ್ನಿಯ ಏಕರೂಪದ ದರ ಜಾರಿಗೆ ಬಂದಾಗ, 1840ರ ಜನವರಿ 10ರಂದು, ಈ ಹಕ್ಕು ರದ್ದಾಯಿತು. ವಿಕ್ಟೋರಿಯಾ ರಾಣಿಯೂ ತನಗಿದ್ದ ಹಕ್ಕನ್ನು ಬಿಟ್ಟುಕೊಟ್ಟಳು. ಅದೇ ವರ್ಷದ ಮೇ ತಿಂಗಳಲ್ಲಿ ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಬಳಕೆಗೆ ಬಂತು. ಹಕ್ಕು ಹೋದರೂ ಆ ಸಹಿಗಳನ್ನು ಕೂಡಿಡುವ ಗೀಳು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಉಳಿಯಿತು. ಆದರೆ ಅಂದಿನವರು ಸಹಿಯಿರುವ ಮುಂಬದಿಯನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುತ್ತಿದ್ದರು. ಹಿಂಬದಿಯ ಠಸ್ಸೆ, ಅರಗಿನ ಮುದ್ರೆ, ಒಳಗಿನ ಪತ್ರ ಎಲ್ಲವೂ ಕಸಕ್ಕೆ ಹೋದವು. ಸಹಿಯೊಂದನ್ನೇ ಮುಖ್ಯವೆಂದು ಬಗೆದದ್ದರಿಂದ ಆ ಸಹಿಯ ಚರಿತ್ರೆ ನಷ್ಟವಾಯಿತು. ಇಂದಿಗೂ ಅಂಥ ಕತ್ತರಿಸಿದ ತುಂಡಿಗಿಂತ ಇಡೀ ಕಾಗದಕ್ಕೆ ಹೆಚ್ಚು ಬೆಲೆ.

ಅಮೆರಿಕದಲ್ಲಿ ಈ ಹಕ್ಕು 1775ರಲ್ಲಿ, ಸ್ವಾತಂತ್ರ್ಯ ಘೋಷಣೆಗೂ ಮೊದಲೇ, ಅಲ್ಲಿನ ಕಾಂಗ್ರೆಸ್ಸಿನ ಸದಸ್ಯರಿಗೆ ದೊರೆಯಿತು. ಚೀಟಿ ಹಚ್ಚುವ ಮೂಲೆಯಲ್ಲಿ ‘ಫ್ರೀ’ ಎಂದು ಬರೆದು ಹೆಸರು ಹಾಕುವುದು ರೂಢಿ. ಅಂಚೆಯ ಮುಖ್ಯಸ್ಥರಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಹೆಸರಿನ ನಡುವೆಯೇ ಆ ಪದವನ್ನು ಸೇರಿಸಿ ‘ಬಿ. ಫ್ರೀ ಫ್ರಾಂಕ್ಲಿನ್’ ಎಂದು ಬರೆಯುತ್ತಿದ್ದರು. ಅಧ್ಯಕ್ಷರ ವಿಧವೆಯರಿಗೂ ಈ ಸೌಲಭ್ಯ ಕೊಡುವ ಪದ್ಧತಿ ಬೆಳೆಯಿತು: 1800ರಲ್ಲಿ ಮಾರ್ಥಾ ವಾಷಿಂಗ್ಟನ್ ಅವರಿಗೆ, 1866ರಲ್ಲಿ ಮೇರಿ ಲಿಂಕನ್ ಅವರಿಗೆ ಅದು ಸಿಕ್ಕಿತು. 1873ರಲ್ಲಿ ಹಕ್ಕನ್ನು ತೆಗೆದುಹಾಕಿ, ಆ ಶತಮಾನ ಮುಗಿಯುವ ಮೊದಲೇ ಮತ್ತೆ ಕೊಡಲಾಯಿತು. ಇಂದಿನ ಸದಸ್ಯರ ಲಕೋಟೆಗಳ ಮೇಲೆ ಇರುವುದು ಅಚ್ಚಾದ ಸಹಿ. ನೋಡಲು ಕೈಬರಹದಂತಿದ್ದರೂ ಅದು ಹಸ್ತಾಕ್ಷರವಲ್ಲ.

ಭಾರತದಲ್ಲಿ ಜನಪ್ರತಿನಿಧಿಗಳ ಸಹಿಗೆ ಚೀಟಿಯ ಸ್ಥಾನ ಸಿಗಲಿಲ್ಲ. ಇಲ್ಲಿ ಸಹಿ ಬಂದದ್ದು ಸರ್ಕಾರಿ ಪತ್ರಗಳ ಮೇಲೆ. ಸರ್ಕಾರಿ ಕೆಲಸದ ಪತ್ರವೆಂದು ಲಕೋಟೆಯ ತಲೆಯಲ್ಲಿ ನಮೂದಿಸಿ, ಎಡಗಡೆಯ ಕೆಳಮೂಲೆಯಲ್ಲಿ ಕಳಿಸುವ ಅಧಿಕಾರಿ ಸಹಿ ಮತ್ತು ಹುದ್ದೆ ಬರೆಯುವುದು ಬ್ರಿಟಿಷರ ಕಾಲದ ನಿಯಮ. 1866ರಿಂದ ‘ಸರ್ವಿಸ್’ ಎಂದು ಅಚ್ಚಾದ ಪ್ರತ್ಯೇಕ ಚೀಟಿಗಳೂ ಬಂದವು. ಇಂಥ ಲಕೋಟೆಗಳಲ್ಲಿ ಕಾಣುವುದು ಬಹುಮಟ್ಟಿಗೆ ಅಧಿಕಾರಿಗಳ ಸಹಿ, ಮಂತ್ರಿಗಳದ್ದು ಅಪರೂಪ.

ಸ್ವಾತಂತ್ರ್ಯ ಚಳವಳಿಯ ನಾಯಕರ ವಿಷಯದಲ್ಲಿ ಸಹಿಗಿಂತ ವಿಳಾಸದ ಕೈಬರಹವೇ ಮುಖ್ಯ. ಮಹಾತ್ಮ ಗಾಂಧಿಯವರು ತಮಗೆ ಬಂದ ಲಕೋಟೆಗಳನ್ನು ಬಿಡಿಸಿ, ಅವುಗಳ ಒಳಮೈಯನ್ನು ಮತ್ತೆ ಬರೆಯಲು ಬಳಸುತ್ತಿದ್ದರು. ಬಲಗೈ ದಣಿದಾಗ ಎಡಗೈಯಿಂದ ಬರೆಯುತ್ತಿದ್ದರು. ಹಲವು ಭಾರತೀಯ ಲಿಪಿಗಳಲ್ಲಿ ಸಹಿ ಹಾಕುತ್ತಿದ್ದರು. ಹೀಗಾಗಿ ಅವರ ಅಸಲಿ ಸಹಿಗಳೇ ಒಂದರಂತೆ ಇನ್ನೊಂದಿಲ್ಲ. ಹಸ್ತಾಕ್ಷರ ಕೇಳಿ ಬಂದವರಿಂದ ಅವರು ಹರಿಜನ ನಿಧಿಗೆ 5 ರೂಪಾಯಿ ಪಡೆಯುತ್ತಿದ್ದರು. ಸಹಿಯ ಬೇಡಿಕೆಯನ್ನು ಸಾರ್ವಜನಿಕ ಕೆಲಸಕ್ಕೆ ತಿರುಗಿಸಿದ ಈ ಕ್ರಮದಿಂದಲೇ ಅವರ ಎಷ್ಟೋ ಸಹಿಗಳು ಜನರ ಮನೆಗಳನ್ನು ಸೇರಿದವು.

ಇಂದು ಸಹಿಗಾಗಿ ಹೆಚ್ಚು ಬಳಕೆಯಾಗುವುದು ಫಸ್ಟ್ ಡೇ ಕವರ್, ಅಂದರೆ ಮೊದಲ ದಿನದ ಲಕೋಟೆ. ಹೊಸ ಚೀಟಿ ಬಿಡುಗಡೆಯಾದ ದಿನವೇ ಅದನ್ನು ವಿಶೇಷ ಲಕೋಟೆಗೆ ಹಚ್ಚಿ, ಆ ದಿನದ ಠಸ್ಸೆ ಒತ್ತಿಸಿ ಇಡುವ ಪದ್ಧತಿ ಇದು. ಲಕೋಟೆಯ ಎಡಭಾಗದಲ್ಲಿ ಸಂದರ್ಭಕ್ಕೆ ತಕ್ಕ ಚಿತ್ರ ಅಚ್ಚಾಗಿರುತ್ತದೆ. ಹೀಗೆ ಚಿತ್ರ ಅಚ್ಚುಮಾಡಿದ ಮೊದಲ ಲಕೋಟೆ ಅಮೆರಿಕದ ಜಾರ್ಜ್ ಲಿನ್ ಅವರದೆಂದು ಸಂಗ್ರಾಹಕರು ಹೇಳುತ್ತಾರೆ. 1923ರ ಆಗಸ್ಟಿನಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಅಧ್ಯಕ್ಷ ವಾರೆನ್ ಹಾರ್ಡಿಂಗ್ ಅವರ ನೆನಪಿನ ಚೀಟಿ ಅದೇ ವರ್ಷದ ಸೆಪ್ಟೆಂಬರ್ 1ರಂದು ಹೊರಬಂದಾಗ ಲಿನ್ ಅದನ್ನು ತಯಾರಿಸಿದರು. ಮೊದಲ ದಿನದ ಲಕೋಟೆಗೂ ರಾಜಕೀಯಕ್ಕೂ ನಂಟು ಹೀಗೆ ಆರಂಭದಲ್ಲೇ ಬೆಸೆದುಕೊಂಡಿದೆ.

ಸ್ವತಂತ್ರ ಭಾರತದ ಮೊದಲ ಚೀಟಿ 1947ರ ನವೆಂಬರ್ 21ರಂದು ಹೊರಬಂತು. ರಾಷ್ಟ್ರಧ್ವಜದ ಚಿತ್ರ ಮತ್ತು ‘ಜೈ ಹಿಂದ್’ ಎಂಬ ಬರಹವಿದ್ದ ಅದರ ಬೆಲೆ ಮೂರೂವರೆ ಆಣೆ. 1948ರ ಆಗಸ್ಟ್ 15ರಂದು ಗಾಂಧೀಜಿಯ ನಾಲ್ಕು ಚೀಟಿಗಳು ಬಂದವು: ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ ಮತ್ತು 10 ರೂಪಾಯಿ. ಇವನ್ನು ಸ್ವಿಟ್ಜರ್‌ಲೆಂಡಿನಲ್ಲಿ ಅಚ್ಚು ಹಾಕಿಸಲಾಗಿತ್ತು. 1950ರ ಜನವರಿ 26ರಂದು ಗಣರಾಜ್ಯದ ನಾಲ್ಕು ಚೀಟಿಗಳು ಬಂದವು. ಈ ಮೂರು ಸಂದರ್ಭಗಳ ಲಕೋಟೆಗಳ ಮೇಲೆ ಆ ಕಾಲದ ಮುಖಂಡರ ಸಹಿ ಇದ್ದರೆ ಅದು ಯಾವ ಸಂಗ್ರಹಕ್ಕಾದರೂ ಕಳಶ.

ಸ್ವತಂತ್ರ ಭಾರತದ ಚೀಟಿಗಳಲ್ಲಿ ಬದುಕಿದ್ದವರ ಚಿತ್ರ ಬಂದದ್ದು ತೀರ ಕಡಿಮೆ. ಧೋಂಡೋ ಕೇಶವ ಕರ್ವೆ ಅವರ ನೂರನೆಯ ಹುಟ್ಟುಹಬ್ಬಕ್ಕೆ 1958ರ ಏಪ್ರಿಲ್ 18ರಂದು ಬಂದ ಚೀಟಿ ಅಂಥವುಗಳಲ್ಲಿ ಮೊದಲನೆಯದು. ಎರಡನೆಯದು ಸರ್ ಎಂ. ವಿಶ್ವೇಶ್ವರಯ್ಯನವರದು, 1960ರ ಸೆಪ್ಟೆಂಬರ್ 15. ರಾಜೇಂದ್ರ ಪ್ರಸಾದರು ರಾಷ್ಟ್ರಪತಿ ಸ್ಥಾನದಿಂದ ನಿವೃತ್ತರಾದ 1962ರ ಮೇ 13ರಂದು ಅವರ ಚೀಟಿ ಬಂತು. ಸರ್ವೇಪಲ್ಲಿ ರಾಧಾಕೃಷ್ಣನ್ ಅವರದು 1967ರಲ್ಲಿ, ವಿ. ವಿ. ಗಿರಿಯವರದು 1974ರಲ್ಲಿ ಬಂದವು. ಇವರ ಮೊದಲ ದಿನದ ಲಕೋಟೆಗಳಿಗೆ ವಿಶೇಷ ಬೆಲೆ ಇದೆ. ಚೀಟಿಯಲ್ಲಿ ಯಾರ ಚಿತ್ರವಿದೆಯೋ ಅವರೇ ಅದರ ಪಕ್ಕದಲ್ಲಿ ಸಹಿ ಹಾಕಲು ಸಾಧ್ಯವಿದ್ದದ್ದು ಇಂಥ ಕೆಲವೇ ಲಕೋಟೆಗಳಲ್ಲಿ.

ಲಕೋಟೆಯನ್ನು ಓದುವ ಬಗೆಗೆ ವಿಶ್ವೇಶ್ವರಯ್ಯನವರ ಲಕೋಟೆ ಒಳ್ಳೆಯ ಉದಾಹರಣೆ. ಚೀಟಿಯ ಬೆಲೆ 15 ನಯೇ ಪೈಸೆ. ದಶಮಾಂಶ ನಾಣ್ಯ 1957ರ ಏಪ್ರಿಲ್ 1ರಂದು ಜಾರಿಗೆ ಬಂದಿತ್ತು. ‘ನಯೇ’ ಎಂಬ ಮಾತು 1964ರಲ್ಲಿ ಬಿಟ್ಟುಹೋಯಿತು. ಆದ್ದರಿಂದ ಬೆಲೆಯನ್ನು ಬರೆದ ರೀತಿ 1960ಕ್ಕೆ ಸರಿಯಾಗಿ ಕೂಡುತ್ತದೆ. ಠಸ್ಸೆಯಲ್ಲಿ ಸೆಪ್ಟೆಂಬರ್ 15 ಎಂದಿರಬೇಕು. ಇನ್ನು ಸಹಿ. ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಎಂದರೆ ಆ ಲಕೋಟೆಯ ಮೇಲೆ ಅವರ ಸಹಿ ಬಿದ್ದಿರಲು ಇರುವ ಕಾಲಾವಕಾಶ ಹೆಚ್ಚೆಂದರೆ 19 ತಿಂಗಳು. ಆ ಅವಧಿಯಲ್ಲಿ ಅವರಿಗೆ ನೂರರ ಆಸುಪಾಸಿನ ವಯಸ್ಸು. ಆ ವಯಸ್ಸಿನ ಕೈಯ ನಡುಕ, ನಿಧಾನ, ಅಕ್ಷರಗಳ ಎಡೆಬಿಡುವು ಸಹಿಯಲ್ಲಿ ಕಾಣಬೇಕು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಕಾಲದ ಕಡತಗಳಲ್ಲಿ ಇರುವಂಥ ಚುರುಕಾದ ಸಹಿ ಈ ಲಕೋಟೆಯ ಮೇಲಿದ್ದರೆ, ಹಳೆಯ ಮಾದರಿಯನ್ನು ನೋಡಿ ಯಾರೋ ತಿದ್ದಿದ್ದಾರೆಂದು ಸಂಶಯಪಡಬೇಕು. ಸಹಿ ಅಂದವಾಗಿದೆ ಎಂಬುದೇ ಇಲ್ಲಿ ಅನುಮಾನಕ್ಕೆ ಕಾರಣ.

ಸಹಿಯ ಮೌಲ್ಯ ವ್ಯಕ್ತಿಯ ಹೆಸರನ್ನು ಮಾತ್ರವಲ್ಲ, ಸಹಿ ಹಾಕಿದಾಗ ಅವರಿದ್ದ ಹುದ್ದೆಯನ್ನೂ ಅವಲಂಬಿಸಿದೆ. ಅಮೆರಿಕದ ಅಧ್ಯಕ್ಷ ವಿಲಿಯಂ ಹೆನ್ರಿ ಹ್ಯಾರಿಸನ್ 1841ರಲ್ಲಿ ಅಧಿಕಾರಕ್ಕೆ ಬಂದ ಒಂದು ತಿಂಗಳಿಗೆ ತೀರಿಕೊಂಡರು. ಅವರ ಬೇರೆ ಸಹಿಗಳು ಸಿಗುತ್ತವೆ. ಅಧ್ಯಕ್ಷರಾಗಿ ಹಾಕಿದವು ಅತಿ ವಿರಳ. ಭಾರತದಲ್ಲಿ ಗುಲ್ಜಾರಿಲಾಲ್ ನಂದಾ ಎರಡು ಬಾರಿ ಹಂಗಾಮಿ ಪ್ರಧಾನಿಯಾದರು: 1964ರಲ್ಲಿ ಮೇ 27ರಿಂದ ಜೂನ್ 9ರವರೆಗೆ, 1966ರಲ್ಲಿ ಜನವರಿ 11ರಿಂದ 24ರವರೆಗೆ. ಕನ್ನಡನಾಡಿನ ಬಿ. ಡಿ. ಜತ್ತಿಯವರು 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಎಚ್. ಡಿ. ದೇವೇಗೌಡರು 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಪ್ರಧಾನಿಯಾಗಿದ್ದರು. ಇಂಥ ಚಿಕ್ಕ ಅವಧಿಗಳಲ್ಲಿ ಹುದ್ದೆಯಲ್ಲಿದ್ದಾಗಲೇ ಹಾಕಿದ ಸಹಿ ಎಂದು ತೋರಿಸಬಲ್ಲ ಲಕೋಟೆ ಅಪರೂಪದ್ದು. ಹಾಗೆ ತೋರಿಸಲು ಠಸ್ಸೆಯ ತಾರೀಖು ಸಾಲದು. ಸಹಿಯ ಕೆಳಗೆ ಅವರೇ ಬರೆದ ತಾರೀಖು ಇರಬೇಕು, ಇಲ್ಲವೆ ಲಕೋಟೆಯ ಜೊತೆ ಅವರ ಕಚೇರಿಯಿಂದ ಬಂದ ಪತ್ರ ಇರಬೇಕು.

ಜೊತೆಯಲ್ಲಿರುವ ಕಾಗದಪತ್ರಗಳು ಎಷ್ಟು ಮುಖ್ಯವೆಂಬುದಕ್ಕೆ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ ಸಂಗ್ರಹ ನಿದರ್ಶನ. ಅಮೆರಿಕದ ಈ ಅಧ್ಯಕ್ಷರು ಸ್ವತಃ ಅಂಚೆಚೀಟಿ ಸಂಗ್ರಾಹಕರು. ಜಗತ್ತಿನ ಮೂಲೆಮೂಲೆಗಳಿಂದ ವಿದೇಶಾಂಗ ಇಲಾಖೆಗೆ ಬಂದ ಲಕೋಟೆಗಳನ್ನು ಅವರಿಗೆ ಕಳಿಸಿಕೊಡುತ್ತಿದ್ದರು. ಹೊಸ ಚೀಟಿಗಳ ವಿನ್ಯಾಸವನ್ನು ಅವರು ತಾವೇ ನೋಡುತ್ತಿದ್ದರು. 1933ರ ಬರ್ಡ್ ಅಂಟಾರ್ಕ್ಟಿಕ್ ಯಾತ್ರೆಯ ಚೀಟಿಗೆ ಕರಡು ಚಿತ್ರ ಬರೆದುಕೊಟ್ಟರು. ಅವರ ಅಂಚೆ ಮಂತ್ರಿ ಜೇಮ್ಸ್ ಫಾರ್ಲಿ, ಅಂಚಿಗೆ ತೂತು ಹೊಡೆಯದ, ಅಂಟು ಹಚ್ಚದ ಹೊಸ ಚೀಟಿಗಳ ಹಾಳೆಗಳನ್ನು ಕೊಂಡು ಅಧ್ಯಕ್ಷರಿಗೂ ಇತರ ಆಪ್ತರಿಗೂ ಉಡುಗೊರೆ ಕೊಟ್ಟರು. ಸಾಮಾನ್ಯರಿಗೆ ಸಿಗದ್ದು ಇವರಿಗೆ ಹೇಗೆ ಸಿಕ್ಕಿತೆಂದು ಸಂಗ್ರಾಹಕರು ಗದ್ದಲ ಎಬ್ಬಿಸಿದ ಮೇಲೆ, 1935ರಲ್ಲಿ ಅಂಥವೇ ಹಾಳೆಗಳನ್ನು ಎಲ್ಲರಿಗೂ ಮಾರಬೇಕಾಯಿತು. ರೂಸ್ವೆಲ್ಟ್ ತೀರಿಕೊಂಡ ಮೇಲೆ, 1946ರಲ್ಲಿ, ಹಾರ್ಮರ್ ಸಂಸ್ಥೆ ಅವರ ಸಂಗ್ರಹವನ್ನು ಹರಾಜು ಹಾಕಿತು. ಅಲ್ಲಿ ಮಾರಾಟವಾದವುಗಳ ಹಿಂಬದಿಗೆ ಆ ಸಂಗ್ರಹದಿಂದ ಬಂದದ್ದೆಂದು ಠಸ್ಸೆ ಒತ್ತಿದರು. ಇಂದು ಒಂದು ಲಕೋಟೆ ರೂಸ್ವೆಲ್ಟ್ ಅವರ ಕೈದಾಟಿ ಬಂದದ್ದೆಂದು ನಂಬಿಸುವುದು ಆ ಗುರುತು. ವಸ್ತು ಯಾರಿಂದ ಯಾರಿಗೆ ಬಂತೆಂಬ ಸರಪಳಿ ಕಡಿಯದೆ ಇದ್ದರೆ ಅರ್ಧ ಅನುಮಾನ ಅಲ್ಲಿಗೇ ತೀರುತ್ತದೆ.

ಅಸಲಿ ನಕಲಿಗಳ ಪರೀಕ್ಷೆಯಲ್ಲಿ ಮೊದಲು ನೋಡಬೇಕಾದದ್ದು ಕಾಲದ ಲೆಕ್ಕ. ಗಾಂಧೀಜಿ 1948ರ ಜನವರಿ 30ರಂದು ಹತ್ಯೆಯಾದರು. ಅವರ ಚೀಟಿಗಳು ಬಂದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಆ ಚೀಟಿ ಹಚ್ಚಿದ ಲಕೋಟೆಯ ಮೇಲೆ ಗಾಂಧೀಜಿಯ ಸಹಿ ಇದ್ದರೆ ಹೆಚ್ಚಿನ ಪರೀಕ್ಷೆಯೇ ಬೇಡ. ಸರ್ದಾರ್ ಪಟೇಲರು 1950ರ ಡಿಸೆಂಬರ್ 15ರಂದು, ಜವಾಹರಲಾಲ್ ನೆಹರೂ 1964ರ ಮೇ 27ರಂದು ತೀರಿಕೊಂಡರು. ಆ ನಂತರದ ಚೀಟಿಗಳ ಪಕ್ಕದಲ್ಲಿ ಅವರ ಸಹಿ ಕಾಣಬಾರದು. ಲಕೋಟೆಯ ಅಚ್ಚನ್ನೂ ಹೀಗೆಯೇ ನೋಡಬೇಕು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆರು ಅಂಕಿಯ ಪಿನ್ ಅಥವಾ ‘ಕರ್ನಾಟಕ ಸರ್ಕಾರ’ ಎಂದು ಅಚ್ಚಾದ ಲಕೋಟೆಯ ಮೇಲೆ 1965ರ ಠಸ್ಸೆ ಇದ್ದರೆ ಅದನ್ನು ಕೈಬಿಡಬೇಕು.

ಎರಡನೆಯದು ಶಾಯಿ. ಬಾಲ್ ಪೆನ್ ಮಾರುಕಟ್ಟೆಗೆ ಬಂದದ್ದು 1940ರ ದಶಕದ ನಡುವೆ. ಭಾರತದಲ್ಲಿ ಅದು ಬಳಕೆಗೆ ಬರಲು ಇನ್ನೂ ಕಾಲ ಹಿಡಿಯಿತು. ಅದಕ್ಕೂ ಹಿಂದಿನ ಮುಖಂಡರ ಸಹಿ ಬಾಲ್ ಪೆನ್ನಿನಲ್ಲಿರಲು ಸಾಧ್ಯವಿಲ್ಲ. ಬಾಲ್ ಪೆನ್ನು ಕಾಗದದಲ್ಲಿ ಸಣ್ಣ ತಗ್ಗು ಮಾಡುತ್ತದೆ. ಓರೆಯಾಗಿ ಬೆಳಕು ಹಿಡಿದರೆ ಆ ತಗ್ಗು ಕಾಣುತ್ತದೆ. ಫೌಂಟನ್ ಪೆನ್ನಿನ ಶಾಯಿ ಕಾಗದದ ನಾರಿನೊಳಗೆ ಹರಡುತ್ತದೆ. ಭೂತಗನ್ನಡಿಯಲ್ಲಿ ಈ ವ್ಯತ್ಯಾಸ ಸ್ಪಷ್ಟ. ಅಚ್ಚಾದ ಸಹಿಯಲ್ಲಿ ಗೆರೆ ಉದ್ದಕ್ಕೂ ಒಂದೇ ಬಣ್ಣ, ಒಂದೇ ದಪ್ಪ. ಕೈಯ ಸಹಿಯಲ್ಲಿ ಗೆರೆ ಒತ್ತಿದಲ್ಲಿ ಗಾಢವಾಗಿ, ಎತ್ತಿದಲ್ಲಿ ತೆಳುವಾಗಿ ಇರುತ್ತದೆ.

ಮೂರನೆಯದು ಯಂತ್ರ ಮತ್ತು ಸಹಾಯಕರ ಪ್ರಶ್ನೆ. ದೊಡ್ಡ ಹುದ್ದೆಯಲ್ಲಿರುವವರಿಗೆ ಬರುವ ಪತ್ರಗಳಿಗೆಲ್ಲ ಅವರೇ ಸಹಿ ಹಾಕುವುದು ಆಗದ ಮಾತು. ಎಷ್ಟೋ ಕಡೆ ಆಪ್ತ ಕಾರ್ಯದರ್ಶಿಗಳು ಯಜಮಾನರ ಸಹಿಯನ್ನು ಅಭ್ಯಾಸ ಮಾಡಿಕೊಂಡು ಹಾಕುತ್ತಾರೆ. ಅಮೆರಿಕದಲ್ಲಿ ಆಟೋಪೆನ್ ಎಂಬ ಯಂತ್ರ ಈ ಕೆಲಸಕ್ಕೆ ನಿಂತಿತು. ಅಚ್ಚುಮಾದರಿಯನ್ನು ಅನುಸರಿಸಿ ಅದು ನಿಜವಾದ ಪೆನ್ನಿನಿಂದಲೇ ಸಹಿ ಬರೆಯುತ್ತದೆ. ಅಧ್ಯಕ್ಷ ಜಾನ್ ಕೆನೆಡಿ ಈ ಯಂತ್ರವನ್ನು ಬಳಸಿದ ಬಗೆಯನ್ನು ಹಸ್ತಾಕ್ಷರ ತಜ್ಞ ಚಾರ್ಲ್ಸ್ ಹ್ಯಾಮಿಲ್ಟನ್ 1965ರಲ್ಲಿ ಒಂದು ಪುಸ್ತಕವನ್ನೇ ಬರೆದು ತೋರಿಸಿದರು. ಯಂತ್ರದ ಸಹಿಯನ್ನು ಹಿಡಿಯುವ ದಾರಿ ಸುಲಭ. ಒಬ್ಬನೇ ಮನುಷ್ಯ ಎರಡು ಸಲ ಪೂರ್ತಿ ಒಂದೇ ರೀತಿ ಸಹಿ ಹಾಕಲಾರ. ಎರಡು ಸಹಿಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ಗೆರೆಗೆ ಗೆರೆ ಕೂಡಿದರೆ ಅವು ಯಂತ್ರದವು. ಗೆರೆಯ ಒತ್ತಡ ಎಲ್ಲೂ ಬದಲಾಗದಿರುವುದು, ಆರಂಭದಲ್ಲೂ ಕೊನೆಯಲ್ಲೂ ಮೊಂಡು ಚುಕ್ಕೆ ಕಾಣುವುದು ಇನ್ನೆರಡು ಗುರುತುಗಳು.

ನಾಲ್ಕನೆಯದು ಹೋಲಿಕೆ. ಇದಕ್ಕೆ ಅನುಮಾನವಿಲ್ಲದ ಮಾದರಿ ಬೇಕು. ಭಾರತದ ಒಂದು ಇಡೀ ತಲೆಮಾರಿನ ಮುಖಂಡರ ಮಟ್ಟಿಗೆ ಸಂವಿಧಾನವೇ ಅಂಥ ಮಾದರಿ. 1950ರ ಜನವರಿ 24ರಂದು ಸಂವಿಧಾನ ಸಭೆಯ 284 ಸದಸ್ಯರು ಅದರ ಪ್ರತಿಗಳಿಗೆ ಸಹಿ ಹಾಕಿದರು. ಕೈಬರಹದ ಆ ಪ್ರತಿಯ ಯಥಾಪ್ರತಿಯನ್ನು ಡೆಹ್ರಾಡೂನಿನ ಸರ್ವೆ ಆಫ್ ಇಂಡಿಯಾ ಅಚ್ಚು ಹಾಕಿತು. ಸದಸ್ಯರು ತಮತಮಗೆ ರೂಢಿಯಾದ ಲಿಪಿಯಲ್ಲಿ ಸಹಿ ಹಾಕಿದ್ದು ಅಲ್ಲಿ ಕಾಣುತ್ತದೆ. ಕರ್ನಾಟಕದ ಮುಂದಿನ ರಾಜಕೀಯವನ್ನು ರೂಪಿಸಿದ ಕೆ. ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಎಸ್. ನಿಜಲಿಂಗಪ್ಪ ಮೂವರೂ ಆ ಸಭೆಯ ಸದಸ್ಯರು. ಮಾದರಿಯೂ ಪರೀಕ್ಷೆಗಿಟ್ಟ ಸಹಿಯೂ ಒಂದೇ ಕಾಲದವಾಗಿರಬೇಕು ಎಂಬುದನ್ನು ಮರೆಯಬಾರದು. ಮೂವತ್ತು ವರ್ಷದ ಅಂತರದಲ್ಲಿ ಯಾರ ಕೈಬರಹವಾದರೂ ಬದಲಾಗುತ್ತದೆ.

ಲಕೋಟೆ ಪಡೆಯುವ ದಾರಿ ಕಷ್ಟದ್ದಲ್ಲ. ಹೊಸ ಚೀಟಿಗಳೂ ಮೊದಲ ದಿನದ ಲಕೋಟೆಗಳೂ ಅಂಚೆ ಇಲಾಖೆಯ ಫಿಲಾಟೆಲಿ ಬ್ಯೂರೋಗಳಲ್ಲಿ ಸಿಗುತ್ತವೆ. ಬೆಂಗಳೂರಿನ ಜಿಪಿಒದಲ್ಲಿ ಅಂಥ ಬ್ಯೂರೋ ಇದೆ. ಠೇವಣಿ ಖಾತೆ ತೆರೆದರೆ ಮನೆಗೇ ಬರುತ್ತವೆ. ಸ್ಥಳೀಯ ಘಟನೆ, ಸಂಸ್ಥೆ, ವ್ಯಕ್ತಿಗಳ ನೆನಪಿಗೆ ರಾಜ್ಯದ ಅಂಚೆ ವೃತ್ತ ಹೊರತರುವ ವಿಶೇಷ ಲಕೋಟೆಗಳು ಬೇರೆ. ಇವಕ್ಕೆ ಹೊಸ ಚೀಟಿ ಇರುವುದಿಲ್ಲ. ಆ ದಿನಕ್ಕೆಂದೇ ಮಾಡಿಸಿದ ಚಿತ್ರದ ಠಸ್ಸೆ ಇರುತ್ತದೆ. ಬಿಡುಗಡೆ ಸಮಾರಂಭಕ್ಕೆ ಮಂತ್ರಿಗಳೋ ಶಾಸಕರೋ ಬರುವುದರಿಂದ ಅಲ್ಲೇ ಸಹಿ ಪಡೆಯುವ ಅವಕಾಶ ಹೆಚ್ಚು. ಎರಡನೆಯ ಗುಂಪಿನ ಲಕೋಟೆಗಳು ಹುಟ್ಟುವುದು ಹೀಗೆ.

ಅಂಚೆಯ ಮೂಲಕ ಸಹಿ ಕೇಳುವವರು ಪಾಲಿಸುವ ಕ್ರಮವೊಂದಿದೆ. ಪತ್ರ ಚಿಕ್ಕದಿರಬೇಕು, ಈ ಲಕೋಟೆಗೂ ಆ ಮುಖಂಡರಿಗೂ ಇರುವ ಸಂಬಂಧವನ್ನು ಎರಡು ಸಾಲಿನಲ್ಲಿ ತಿಳಿಸಬೇಕು. ಒಂದು ಸಲಕ್ಕೆ ಒಂದೇ ಲಕೋಟೆ ಕಳಿಸಬೇಕು. ಹಲವಾರು ಕಳಿಸಿದರೆ ಮಾರಾಟಕ್ಕೆಂದು ಅನುಮಾನ ಬರುತ್ತದೆ. ಸ್ವಂತ ವಿಳಾಸ ಬರೆದು ಚೀಟಿ ಹಚ್ಚಿದ ದೊಡ್ಡ ಲಕೋಟೆಯನ್ನೂ, ಮಡಿಕೆ ಬೀಳದಂತೆ ಒಂದು ದಪ್ಪ ರಟ್ಟನ್ನೂ ಜೊತೆಗಿಡಬೇಕು. ಸಹಿ ಬೇಕಾದ ಖಾಲಿ ಜಾಗವನ್ನು ಪತ್ರದಲ್ಲಿ ಸೂಚಿಸಬೇಕು. ಠಸ್ಸೆಯ ಮೇಲೆ ಸಹಿ ಬಿದ್ದರೆ ಎರಡೂ ಓದಲು ಬರುವುದಿಲ್ಲ. ಸಹಿಯ ಕೆಳಗೆ ತಾರೀಖು ಹಾಕಬೇಕೆಂದು ಕೋರುವುದು ಎಲ್ಲಕ್ಕಿಂತ ಉಪಯುಕ್ತ. ಮತ್ತೆ ಸಿಗಲಾರದ ಲಕೋಟೆಯನ್ನು ಎಂದಿಗೂ ಅಂಚೆಗೆ ಕೊಡಬಾರದು. ಉತ್ತರ ಬಂದಾಗ ಅದು ಬಂದ ಹೊರಲಕೋಟೆಯನ್ನೂ ಕಚೇರಿಯ ಪತ್ರವನ್ನೂ ಸಹಿಯ ಜೊತೆಗೇ ಇಡಬೇಕು. ಮೂರನೆಯ ಗುಂಪಿನ ಲಕೋಟೆಗೆ ತಾರೀಖಿನ ಸಾಕ್ಷಿ ಸಿಗುವುದು ಅವುಗಳಿಂದಲೇ.

ರಕ್ಷಣೆಯ ವಿಷಯದಲ್ಲಿ ನಾಲ್ಕು ಶತ್ರುಗಳನ್ನು ನೆನಪಿಡಬೇಕು: ಬೆಳಕು, ತೇವ, ಆಮ್ಲ, ಹುಳು. ಬಿಸಿಲು ಬೀಳುವ ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದ ಸಹಿ ಕೆಲವೇ ವರ್ಷಗಳಲ್ಲಿ ಮಾಸುತ್ತದೆ. ಸ್ಕೆಚ್ ಪೆನ್ನಿನ ಸಹಿಗಳು ಇನ್ನೂ ಬೇಗ ಮಾಸುತ್ತವೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತೇವದಿಂದ ಕಾಗದದ ಮೇಲೆ ಕಂದು ಕಲೆ ಮೂಡುತ್ತದೆ, ಚೀಟಿಯ ಹಿಂದಿನ ಅಂಟು ಹಾಳಾಗುತ್ತದೆ. ಅಲ್ಲಿನ ಸಂಗ್ರಾಹಕರು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಕಾಲಕಾಲಕ್ಕೆ ಬದಲಿಸುತ್ತಾರೆ, ಮಳೆ ನಿಂತ ಮೇಲೆ ಆಲ್ಬಮ್ಮುಗಳನ್ನು ನೆರಳಿನಲ್ಲಿ ಬಿಡಿಸಿಟ್ಟು ಗಾಳಿಯಾಡಿಸುತ್ತಾರೆ. ಅಗ್ಗದ ಪಿವಿಸಿ ಹಾಳೆಗಳು ಕ್ರಮೇಣ ಶಾಯಿಯನ್ನು ಎತ್ತಿಕೊಳ್ಳುತ್ತವೆ. ಪಾಲಿಯೆಸ್ಟರ್ ಹಾಳೆಯ ಜೇಬುಗಳೂ ಆಮ್ಲರಹಿತ ಕಾಗದದ ಆಲ್ಬಮ್ಮೂ ಸುರಕ್ಷಿತ. ಲ್ಯಾಮಿನೇಶನ್ ಮಾಡಿಸಬಾರದು, ಅದರ ಬಿಸಿ ಮತ್ತು ಅಂಟು ಲಕೋಟೆಯನ್ನು ಶಾಶ್ವತವಾಗಿ ಕೆಡಿಸುತ್ತವೆ. ಸೆಲ್ಲೋ ಟೇಪನ್ನು ಹತ್ತಿರ ತರಬಾರದು. ಬೆಳ್ಳಿಹುಳು ಅಂಟಿನ ಆಸೆಗೆ ಬರುವುದರಿಂದ ಪೆಟ್ಟಿಗೆಯನ್ನು ಆಗಾಗ ತೆರೆದು ನೋಡುತ್ತಿರಬೇಕು.

ಕಾನೂನಿನ ಒಂದು ಅಂಶವನ್ನು ಸಂಗ್ರಾಹಕರು ತಿಳಿದಿರಬೇಕು. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯವಿರುವ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ತುಂಬಿದರೆ ಅವು ಪುರಾತನ ವಸ್ತುಗಳಾಗುತ್ತವೆ. ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಸ್ವಾತಂತ್ರ್ಯ ಬಂದ ಕಾಲದ ಸಹಿಗಳು ಈಗ ಆ ವಯಸ್ಸನ್ನು ದಾಟಿವೆ.

ಕೊನೆಯದು ಜೋಡಣೆ ಮತ್ತು ದಾಖಲಾತಿ. ಸಂಗ್ರಹವನ್ನು ಹುದ್ದೆಯ ಪ್ರಕಾರ, ಕಾಲದ ಪ್ರಕಾರ, ಇಲ್ಲವೆ ಒಂದೇ ಘಟನೆಯ ಸುತ್ತ ಜೋಡಿಸಬಹುದು. ಕರ್ನಾಟಕದ ಮುಖ್ಯಮಂತ್ರಿಗಳು, ಭಾರತದ ರಾಷ್ಟ್ರಪತಿಗಳು, 1956ರ ನವೆಂಬರ್ 1ರ ಏಕೀಕರಣಕ್ಕೆ ದುಡಿದವರು, ಹೀಗೆ ಎಲ್ಲೆ ಹಾಕಿಕೊಂಡ ಸಂಗ್ರಹ ಸಿಕ್ಕಿದ್ದನ್ನೆಲ್ಲ ಸೇರಿಸಿದ ಸಂಗ್ರಹಕ್ಕಿಂತ ಹೆಚ್ಚು ಕಲಿಸುತ್ತದೆ. ಪ್ರತಿ ಲಕೋಟೆಗೂ ಒಂದು ಪ್ರತ್ಯೇಕ ಹಾಳೆ ಬೇಕು: ಚೀಟಿಯ ಹೆಸರು ಮತ್ತು ಬಿಡುಗಡೆಯ ದಿನ, ಠಸ್ಸೆಯ ಊರು ಮತ್ತು ತಾರೀಖು, ಸಹಿ ಯಾರದು, ಆಗ ಅವರ ಹುದ್ದೆ ಏನು, ಸಹಿ ಎಂದು ಎಲ್ಲಿ ಹೇಗೆ ಸಿಕ್ಕಿತು, ಮೊದಲು ಯಾರ ಬಳಿ ಇತ್ತು. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡಬೇಕು. ಊಹೆಯನ್ನು ಸಂಗತಿಯೆಂದು ಬರೆದರೆ ಮುಂದಿನವರು ಅದನ್ನೇ ನಂಬುತ್ತಾರೆ. ಈ ವಿವರಗಳನ್ನು ಲಕೋಟೆಯ ಮೇಲೆ ಬರೆಯದೆ ಆಲ್ಬಮ್ಮಿನ ಪುಟದಲ್ಲಿ ಪೆನ್ಸಿಲ್ಲಿನಿಂದ ಬರೆಯಬೇಕು. ಸಂಗ್ರಾಹಕರ ನಂತರ ಲಕೋಟೆಗಳು ಚದುರುವುದೇ ಹೆಚ್ಚು. ವಿವರದ ಹಾಳೆಗಳು ಜೊತೆಗಿದ್ದರೆ ಮನೆಯವರು ಅವನ್ನು ವಿಶ್ವವಿದ್ಯಾಲಯಕ್ಕೋ ರಾಜ್ಯ ಪತ್ರಾಗಾರಕ್ಕೋ ಒಪ್ಪಿಸಬಹುದು. ಅಲ್ಲಿನ ಸಂಶೋಧಕರು ಅವನ್ನು ಆಧಾರವಾಗಿ ಬಳಸಬಹುದು.